ನಾಲ್ಕನೇ ಕಾಲಂ

ನೀನು ಕೊಟ್ಟ ಹಾಳೆಗೆ ನಾಲ್ಕು ಕಾಲಂ, ಶೋನಾ.
ತಾರೀಕು. ಗಂಟೆ. ಏನು ಕೇಳಿಸಿತು.
ಕೊನೆಯದು ಎರಡು ಬೆರಳಗಲ:
ಇದರಿಂದ ನಿಮಗೇನಾಯಿತು?

ಏನಾಯಿತು ಅಂತ ಬರೆಯಲಿ
ಎರಡು ಬೆರಳಗಲದಲ್ಲಿ?
ಆಸ್ಪತ್ರೆಯ ಲಾಂಡ್ರಿಯವಳು ನಾನು.
ಪೇಸ್ಲಿಯ ಮೊದಲ ಬಸ್ಸು ನಾಲ್ಕೂ ಮುಕ್ಕಾಲಿಗೆ.
ನಿದ್ದೆಯೂ ಬಾಡಿಗೆಯ ಹಾಗೆ,
ವಾರವಾರ ಕಟ್ಟಲೇಬೇಕು,
ಬಾಕಿ ಉಳಿದರೆ ಮೈಯೇ ನೋಟೀಸು ಕೊಡುತ್ತದೆ.

ಅಕ್ಟೋಬರ್ ಒಂಬತ್ತು, ರಾತ್ರಿ ಒಂದೂಕಾಲು:
ಮೇಲಿನ ಮನೆ. ಡ್ರಮ್ಮಿನ ಸದ್ದು.
ಕಪಾಟಿನಲ್ಲಿ ನನ್ನ ಗಾಜಿನ ಲೋಟಗಳು
ಒಂದಕ್ಕೊಂದು ಹಲ್ಲು ಕಡಿದವು.
ಹನ್ನೆರಡು: ನಾಯಿ, ಎರಡು ತಾಸು.
ಹದಿನೈದು: ಮೆಟ್ಟಿಲ ಮೇಲೆ ಉಚ್ಚೆ.
ಇದು ಕೇಳಿಸಿದ್ದಲ್ಲ, ಗೊತ್ತು,
ಮೂಗಿಗೊಂದು ಕಾಲಂ ಇರಲಿಲ್ಲ.
ಇಪ್ಪತ್ತು: ಬಾಗಿಲು ತಟ್ಟಿ ಕೇಳಿದೆ,
ಡೆಕ್ಲನ್, ಸ್ವಲ್ಪ ಮೆಲ್ಲಗೆ, ಮಗಾ.
ಮಾರನೆಯ ಸಂಜೆ ನನ್ನ ಟಪಾಲು ಕಿಂಡಿಯಿಂದ
ಉರಿಯುವ ಸಿಗರೇಟು ಒಳಗೆ ಬಿತ್ತು.
ಕಾಲೊರೆಸುವ ಚಾಪೆಯಲ್ಲಿ ಕಪ್ಪು ತೂತು,
ಒಂದು ಪೌಂಡಿನ ನಾಣ್ಯದಷ್ಟು.

ಎದುರುಮನೆಯ ಇಶ್ತಿಯಾಕ್ ಸಾಹೇಬರು
ಬಾಗಿಲ ಸರಪಳಿ ತೆಗೆಯದೆಯೇ ಹೇಳಿದರು:
‘ಎಲ್ಲ ಕೇಳಿಸುತ್ತೆ ನನಗೂ.
ಆದರೆ ಸಾಕ್ಷಿಗೆ ಕರೀಬೇಡಿ, ಮೊಮ್ಮಕ್ಕಳು ಬಂದು ಹೋಗುವ ಮನೆ.’
ನೀನಂದೆ: ‘ಬರೀತಾ ಇರಿ, ಮಿಸೆಸ್ ಗಿಲ್‌ಹೂಲಿ.
ಬರೆದಿಲ್ಲ ಅಂದ್ರೆ ಆಗೇ ಇಲ್ಲ ಅಂತ.’

ಬರೆದೆ.
ಬರೆಬರೆಯುತ್ತ ಕಿವಿ ಹರಿತವಾಯಿತು.
ಅವನ ಬೂಟು ಯಾವುದು, ಅವನ ಗೆಳೆಯರ ಬೂಟು ಯಾವುದು,
ಖಾಲಿ ಬಾಟಲಿ ಯಾವುದು, ತುಂಬಿದ್ದು ಯಾವುದು,
ಎಲ್ಲ ಗೊತ್ತಾಗತೊಡಗಿತು.
ಸದ್ದಿಲ್ಲದ ರಾತ್ರಿಯೂ
ಪೆನ್ನು ಹಿಡಿದು ಕೂತೆ,
ಬರದ ಬಸ್ಸಿಗೆ ಕಾದವಳ ಹಾಗೆ.

ಜನವರಿ ಆರು, ಮೂರು ಗಂಟೆ ಹತ್ತು ನಿಮಿಷ:
ಅಳು.
ಮೊದಲು ನಾಯಿಯದು ಅಂದುಕೊಂಡೆ.
ನಾಯಿ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಅಳುವುದಿಲ್ಲ.
ಆಮೇಲೆ ಗೋಡೆಗೆ ತಲೆ. ಮೆಲ್ಲಗೆ,
ಎಣಿಸಿಕೊಂಡು ಬಡಿದ ಹಾಗೆ.
ಹದಿನಾಲ್ಕು ಮೆಟ್ಟಿಲು ಮೇಲಕ್ಕೆ.
ಚಪ್ಪಲಿ ಮೆಟ್ಟಿ ಬಾಗಿಲವರೆಗೂ ಬಂದೆ,
ಚಾಪೆಯ ತೂತು ಕಂಡಿತು,
ನಿಂತೆ.
ಬರೆದೆ. ಮೂರನೇ ಕಾಲಂ: ಅಳು, ಬಡಿತ, ನಲವತ್ತು ನಿಮಿಷ.
ನಾಲ್ಕನೆಯದು: ನಿದ್ದೆ ಬರಲಿಲ್ಲ.
ಸುಳ್ಳಲ್ಲ ಅದು.

ಕೋರ್ಟಿನಲ್ಲಿ ನಿಮ್ಮ ವಕೀಲ
ಉಗುರು ಬಲು ಚೊಕ್ಕಟ,
ಒಟ್ಟು ಐವತ್ತೆರಡು ಘಟನೆ ಎಂದು ಓದಿದ.
ಡ್ರಮ್ಮು, ನಾಯಿ, ಬೈಗುಳ, ಅಳು, ಬಾಟಲಿ,
ರೇಷನ್ ಚೀಟಿ ಓದುವ ದನಿ.
ಮೂವತ್ತೊಂದನೆಯದಕ್ಕೆ ಡೆಕ್ಲನ್ ತಲೆ ಎತ್ತಿದ.
ನನ್ನತ್ತ ಅಲ್ಲ.
ಮೇಲೆ, ಸೂರಿನ ಕಡೆ,
ತನ್ನ ತಲೆಯ ಮೇಲೂ ಯಾರೋ
ಬಾಡಿಗೆಗಿದ್ದಾರೇನೋ ಎಂಬಂತೆ.

ತಪ್ಪು ತಿಳಿಯಬೇಡ, ಶೋನಾ.
ನಾಳೆ ಮತ್ತೆ ಬರೆ ಅಂದರೆ
ಐವತ್ತೊಂದನ್ನು
ಒಂದಕ್ಷರ ಅಳಿಸದೆ ಬರೆಯುತ್ತೇನೆ.

ಮೇಲಿನ ಬಾಗಿಲಿಗೆ ಈಗ ಉಕ್ಕಿನ ತಗಡು.
ಇಶ್ತಿಯಾಕ್ ಸಾಹೇಬರು ಸರಪಳಿ ತೆಗೆದು
ಗಟ್ಟಿಯಾಗಿ ಗುಡ್ ಮಾರ್ನಿಂಗ್ ಅನ್ನುತ್ತಾರೆ,
ನಿನ್ನೆ ಅರ್ಧ ತಟ್ಟೆ ಹಲ್ವ ಕೊಟ್ಟರು.
ನಾಯಿ ಎಲ್ಲಿ ಹೋಯಿತು ಅಂತ ಕೇಳಿದ್ದೆನಲ್ಲ,
ಅದು ನಮ್ಮ ಫೈಲಿನಲ್ಲಿಲ್ಲ ಅಂದೆ ನೀನು.
ಹೇಗಿದ್ದೀರಿ ಅಂತ ನೀನು ಫೋನಿನಲ್ಲಿ ಕೇಳಿದಾಗ
ಸುಖನಿದ್ದೆ ಅಂದೆ ನಾನು.

ಉಳಿದ ಹಾಳೆಗಳಲ್ಲಿ ಅಂಗಡಿ ಚೀಟಿ ಬರೆಯುತ್ತೇನೆ,
ಒಳ್ಳೆ ಕಾಗದ, ಎಸೆಯೋದು ಯಾಕೆ.
ಹಾಲು. ಈರುಳ್ಳಿ. ಬಲ್ಬು ಒಂದು.
ಕೈಗೆ ಅಭ್ಯಾಸವಾಗಿಬಿಟ್ಟಿದೆ,
ಪಕ್ಕದಲ್ಲಿ ಗಂಟೆಯನ್ನೂ ಬರೆದಿದ್ದೇನೆ:
ಮೂರು ಹತ್ತು.