ಉಗುರು ಸಿಗುವ ತನಕ

ಶಹಾಬಾದ್ ಸ್ಟೇಷನ್ನಿನ ಆಚೆ, ಗರಗಸದ ಶೆಡ್ಡಿನಲ್ಲಿ
ನೀರೂ ಕಲ್ಲಿನ ಹಿಟ್ಟೂ ಕಲೆತು ಬೂದು ಮಜ್ಜಿಗೆಯಾಗಿ ಹರಿಯುತ್ತದೆ.
ನನ್ನ ಕಂಪ್ಯೂಟರಿಗೆ ಪ್ಲಾಸ್ಟಿಕ್ಕಿನ ಹೊದಿಕೆ.
ಆದರೂ ಕೀಲಿಗಳ ಸಂದಿಯಲ್ಲಿ ಹೋದ ವರ್ಷದ ಫರ್ಸಿ.

ಎರಡು ಫೂಟಿನ ಚೌಕ, ಮೂಲೆಯಿಂದ ಮೂಲೆಗೆ ಕೊಯ್ಯಬೇಕು.
ಬಿಲ್ಲಿನಲ್ಲಿ ನಾನೇ ಬರೆದದ್ದು: ಎರಡು ಪಾಯಿಂಟ್ ಎಂಟು ಮೂರು.
ಸಾವಿರ ಕಲ್ಲು ಮುಗಿದ ದಿನ ಕೂಡಿಸಿ ನೋಡಿದರೆ
ಇಲ್ಲದ ಕಲ್ಲಿನಲ್ಲಿ ಒಂದೂವರೆ ಫೂಟು ಕೊಯ್ದಿದ್ದೆವು,
ಅದಕ್ಕೆ ಕೂಲಿಯೂ ಸಂದಿತ್ತು. ಮಶಾಕ್ ಮಿಸ್ತ್ರಿ ನಕ್ಕ:
'ಗಾಳಿ ಕೊಯ್ದೀನಿ ಬಾಯಾರ, ರೊಕ್ಕ ವಾಪಸ್ ಕೊಡಂಗಿಲ್ಲ.'

ಆಮೇಲೆ ನಾನು ಅಂಕೆ ಇಡುವುದು ಬಿಟ್ಟೆ.
ಕರ್ಣವನ್ನು ಈಗ ಮಾತಾಗಿ ಇಟ್ಟಿದ್ದೇನೆ:
ಎಂಟರ ವರ್ಗಮೂಲ. ಬಿಚ್ಚದ ಗಂಟು.
ಕೇಳಿದಷ್ಟು ಸ್ಥಾನ ಬಿಚ್ಚಿ ಕೊಡುತ್ತದೆ,
ಕೇಳದಿದ್ದರೆ ಸುಮ್ಮನೆ ಕೂತಿರುತ್ತದೆ.
ಗಾರೆಯವನು ಬಂದರೆ ಎರಡು, ಸರ್ವೇಯರ್ ಬಂದರೆ ಆರು.
ಯಾರೂ ಬರದ ಒಂದು ಮಧ್ಯಾಹ್ನ ನಾನೇ ನಲವತ್ತು ಕೇಳಿದೆ,
ಯಾಕೆಂದರೆ ಕೇಳಬಹುದಿತ್ತು.

ಇನ್ನು ಸುಳ್ಳಿಲ್ಲ ಎಂದು ಬೀಗಿದ್ದೆ.
ಒಂದು ಸಂಜೆ, ಹಾಗೇ ಸುಮ್ಮನೆ,
ನಿನ್ನನ್ನು ನಿನ್ನಿಂದಲೇ ಗುಣಿಸಿ ಎಂಟು ಕಳೆದರೆ
ಸೊನ್ನೆಯೇನು? ಎಂದೆ.
ಹತ್ತು ಸೊನ್ನೆ ಬಂದವು. ನೂರು.
ಫ್ಯಾನು ತಿರುಗುತ್ತಿತ್ತು. ಸಾವಿರ.
ಮುಂದೆಲ್ಲೋ ಒಂದು ಒಂದು ಇದ್ದರೂ ಇರಬಹುದು,
ನೋಡುತ್ತಿದ್ದೇನೆ, ಎನ್ನುವ ಹಾಗೆ
ಕರೆಂಟು ಹೋಗುವ ತನಕ ನೋಡುತ್ತಲೇ ಇತ್ತು.

ಕತ್ತಲಲ್ಲಿ ಮಿಸ್ತ್ರಿ ಕೈಕಾಲು ತೊಳೆಯುತ್ತಿದ್ದ. ನಡೆದದ್ದು ಹೇಳಿದೆ.
ಅಂದೇ ಕೂಡಿಸಿಟ್ಟ ಎರಡು ಫರ್ಸಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಸಂದಿಯ ಮೇಲೆ ಹೆಬ್ಬೆರಳ ಉಗುರು ಎಳೆದ.
'ಉಗುರು ಸಿಕ್ತಂದ್ರ ಎತ್ತರ ಬ್ಯಾರೆ ಬ್ಯಾರೆ. ಮಾತು ಮುಗೀತು.
ಸಿಗಲಿಲ್ಲಂದ್ರ...'
ಮತ್ತೊಮ್ಮೆ ಎಳೆದ, ನಿಧಾನ.
'ಸಿಗಲಿಲ್ಲಂದ್ರ ನನ್ನ ಉಗುರು ದಪ್ಪ ಅದ, ಅಷ್ಟೇ.
ಎರಡೂ ಒಂದೇ ಅಂತ ಯಾವ ಮಿಸ್ತ್ರಿನೂ ಹೇಳಂಗಿಲ್ಲ.
ಪಾಲಿಶ್ ಮಾಡತಾನ.'

ನನಗೇನೋ ಗೊತ್ತು, ಹೈಸ್ಕೂಲಿನ ಒಂದೇ ಸಾಲಿನಲ್ಲಿ.
ಆ ಸಾಲನ್ನು ಅದಕ್ಕೂ ಕಲಿಸಬಹುದು;
ನಾಳೆ ಬೇರೆ ಯಾವುದೋ ಕರ್ಣ ಬರುತ್ತದೆ,
ಸಾಲು ಸಿಗದ್ದು.

ಕರೆಂಟು ಬಂತು. ಯಂತ್ರ ಮೊದಲನೇ ಸೊನ್ನೆಯಿಂದ ಶುರುಮಾಡಿತು.
ಬಾಗಿಲಲ್ಲಿ ಮಶಾಕ್ ಮಿಸ್ತ್ರಿ
ಉಗುರಿನಲ್ಲಿ ಕೂತ ಹಿಟ್ಟು ಊದುತ್ತಿದ್ದ.