ಹಣ್ಣಾದ ಕಾಯಿಗಳ ಲೆಕ್ಕ

ಗುತ್ತಲಿನ ರದ್ದಿ ಅಂಗಡಿಯಲ್ಲಿ
ತೂಕದ ಪುಸ್ತಕವನ್ನೇ ತೂಕಕ್ಕೆ ಹಾಕಿಸಿ ಕೊಂಡೆ.
ಸಕ್ಕರೆ ಕಾರ್ಖಾನೆಯ ಕಾಟಾ ಮನೆಯದು,
ಅರ್ಧ ಕೆಜಿಗೆ ಕೊಂಚ ಮೇಲೆ, ಹನ್ನೊಂದು ರೂಪಾಯಿ.

ಮುಂದಿನಿಂದ ತೆರೆದರೆ ಗಾಡಿ ನಂಬರು,
ಕಬ್ಬು ಸಮೇತ ತೂಕ, ಖಾಲಿ ಗಾಡಿಯ ತೂಕ,
ಕಳೆದು ಉಳಿದದ್ದು.
ಹಿಂದಿನಿಂದ ತೆರೆದರೆ ಬೇಸ್‌ಬಾಲು.

ಬಾಯ್ಲರು ಕೂರಿಸಲು ಬಂದ ಯಾವನೋ ಎಂಜಿನಿಯರು
ಕಲಿಸಿಹೋದ ಆಟವಂತೆ.
ಪಂದ್ಯಕ್ಕೆ ಎಂಟಾಣೆ, ಗೆದ್ದರೆ ಎರಡು ಸೇರು ಸಕ್ಕರೆ.
ಆಟಕ್ಕೂ ಕೂಲಿಯಾ ಅಂತ ಪೇಟೆಬೀದಿ ನಕ್ಕಿತು,
ಭಾನುವಾರ ಬಂದು ಬೇಲಿಗೆ ಒರಗಿ ನಿಂತಿತು.
ಗಾಡಿ ಬಡಗಿ ಜಾಲಿ ಹೆರೆದು ದಾಂಡು ಮಾಡಿದ.
ಸಕ್ಕರೆ ಚೀಲಕ್ಕೆ ಕಬ್ಬಿನ ಸಿಪ್ಪೆ ತುಂಬಿ
ಮೂಲೆಗೊಂದು ನೆಲೆ.
ಮೂರನೆಯದಕ್ಕೆ ಮಾತ್ರ ಸದಾ ಇರುವೆ.
ಅಲ್ಲಿ ನಿಂತವನು ನಿಲ್ಲಲಾರ, ತಕತಕ ಕುಣಿಯುತ್ತಾನೆ;
ಈಗ ಓಡುತ್ತಾನೆ ಅಂದುಕೊಂಡು
ಚೆಂಡೆಸೆಯುವವನ ಕೈ ಬೆವರುತ್ತದೆ.

ಗುಮಾಸ್ತ ವರದಯ್ಯಂಗಾರ್ ರನ್ ಎಂದು ಬರೆಯಲಿಲ್ಲ.
ಚೌಕಾಬಾರ ಆಡಿ ಬೆಳೆದ ಕೈ.
ಸುತ್ತೆಲ್ಲ ಸುತ್ತಿ, ಏಟು ತಪ್ಪಿಸಿ, ಮನೆ ಸೇರಿದ ಕಾಯಿ
ಏನಾಗುತ್ತದೆ?
ಹೆಸರಿನ ಮುಂದೆ ಒಂದೊಂದೇ ‘ಹ’ ಕೂರಿಸಿದ.
ಹಣ್ಣು.

ಬೋಳೇಗೌಡ. ಹೊಡೆದರೆ ಚೆಂಡು ನಾಲೆಯ ಆಚೆ,
ಹುಡುಕಲು ಈಜು ಬರುವ ಹುಡುಗನೊಬ್ಬ ಸಂಬಳಕ್ಕೆ.
ಅವನಿಗೆ ಹಣ್ಣು ಇಪ್ಪತ್ತೊಂಬತ್ತು.
ಫಿಟ್ಟರ್ ಇನ್ನಾಸಿಮುತ್ತು, ಮೂವತ್ತೆಂಟು.
ಎಲ್ಲರಿಗಿಂತ ಮೇಲೆ, ಕಾಕಂಬಿ ಟ್ಯಾಂಕಿನ ಕಲಂದರ್,
ಅರವತ್ತು.

ಬಾಚಿ ಹೊಡೆದದ್ದು ಒಂದು ದಿನವೂ ಇಲ್ಲ.
ಪಕ್ಕದಲ್ಲಿ ಕೆಂಪು ಶಾಯಿಯ ಷರಾ:
ಮೈಗೆ ಚೆಂಡು ಬಡಿಸಿಕೊಂಡು ಹೋದ.
ನಾಲ್ಕು ಕೆಟ್ಟ ಚೆಂಡು ಬಿಟ್ಟು, ನಡೆದುಕೊಂಡು ಹೋದ.
ಕದ್ದ.
ಮತ್ತೆ ಕದ್ದ.
ಬೋಳೇಗೌಡ ಹೊಡೆದ, ಇವನು ಬಂದ.

ಊರು ಬೋಳೇಗೌಡನನ್ನು ಹೆಗಲ ಮೇಲೆ ಹೊತ್ತಿತು.
ಕೂಗು, ಶಿಳ್ಳೆ, ಹಾರಿದ ಟೋಪಿ, ಇವೆಲ್ಲವನ್ನೂ
ಖಾಲಿ ಗಾಡಿಯ ತೂಕಕ್ಕೆ ಸೇರಿಸಿ
ಗುಮಾಸ್ತ ಕಳೆದುಬಿಟ್ಟ.

ಕೊನೆಯ ಪುಟ.
ಕಲಂದರ್ ಹೆಸರಿನ ಮುಂದೆ ‘ಹ’ ಅಲ್ಲ, ‘ಕಾ’.
ಅದರಡಿ: ಸೈರನ್ ಆಯಿತು. ಎರಡನೇ ಪಾಳಿ.
ಎಲ್ಲರೂ ಗೇಟಿಗೆ. ಕಾಯಿ ಮೂರರಲ್ಲಿ.
ಮುಂದೆ ಬರೀ ಗೆರೆ ಹಾಕಿದ ಕಾಗದ,
ಯಾರದೋ ಮಗು ಬಿಡಿಸಿದ ಒಂದು ಕೋಳಿ.

ಹೆಣ್ಣುಮಕ್ಕಳ ಕಾಲೇಜಿನ ತಂಡಕ್ಕೆ ಅಂಕ ಬರೆಯುವವಳು ನಾನು.
ಪುಸ್ತಕ ತೋರಿಸಿದೆ.
“ಅರವತ್ತೊಂದು ಅಂತ ಬರ್ದಾಕ್ಬುಡಿ ಮಿಸ್,
ಯಾರ್ ಬಂದು ನೋಡಾರು?” ಅಂದಳು ಶಿಂಷಾವತಿ.
ಪೆನ್ನು ಹತ್ತಿರ ಹೋಯಿತು, ಸುಳ್ಳು ಹೇಳಲಾರೆ.
ಆದರೆ ಆ ‘ಕಾ’ ಎಷ್ಟು ದುಂಡಗಿತ್ತೆಂದರೆ
ಅದರ ಮೇಲೆ ತಿದ್ದಲು ಮನಸ್ಸಾಗಲಿಲ್ಲ.

ಇವತ್ತು ಸಂಜೆ ಪಂದ್ಯ.
ಈಗ ನೆಲೆಗೆ ರಬ್ಬರು ಹಾಸು, ಇರುವೆಯಿಲ್ಲ.
ಆದರೂ ಮೂರರಲ್ಲಿ ನಿಂತ ಶಿಂಷಾವತಿ
ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತ
ತಕತಕ ಅನ್ನುತ್ತಿದ್ದಾಳೆ.
ಮದ್ದೂರಿನ ಹುಡುಗಿ ಚೆಂಡು ಹಿಡಿದು ಓರೆಗಣ್ಣು ಬಿಟ್ಟಳು.
ನಾನು ಪೆನ್ನಿನ ಮುಚ್ಚಳ ತೆಗೆದೆ.