ಐಸಿನ ಬಾಕಿ

ಸಂತೆಕಟ್ಟೆಯ ಇದ್ದಿನಬ್ಬರ ಗುಜರಿಯಲ್ಲಿ
ಫ್ಯಾನಿನ ಮೋಟರು, ಕುಕ್ಕರಿನ ಮುಚ್ಚಳಗಳ ನಡುವೆ ಇತ್ತು.
ಇದನ್ನೂ ತಕ್ಕಡಿಗೇ ಹಾಕಿದರು:
ಮೂರು ಕಿಲೋ ಇನ್ನೂರು ಗ್ರಾಂ.
"ಇನ್ನೂರು ಬಿಟ್ಟೆ, ಮೂರರ ದುಡ್ಡು ಕೊಡಿ."

ನನ್ನ ಅಟ್ಟದಲ್ಲಿ ಇದು ಹನ್ನೊಂದನೆಯ ಲ್ಯಾಪ್‌ಟಾಪು.
ಕಲ್ಮಾಡಿಯ ಉಪ್ಪುಗಾಳಿ ಮೊದಲು ಸ್ಕ್ರೂ ತಿನ್ನುತ್ತದೆ,
ಆಮೇಲೆ ಮಡಿಚುವ ಕೀಲು, ಆಮೇಲೆ ನನ್ನ ನಿದ್ದೆ.
ಚಪ್ಪಲಿ ಅಂಗಡಿಯವ ನಾನು;
ಶೂ ಪೆಟ್ಟಿಗೆಯ ಸಿಲಿಕಾ ಪೊಟ್ಟಣ,
ತಿನ್ನಬೇಡಿ ಎಂದು ಬರೆದದ್ದನ್ನೇ
ಒಂದೊಂದಾಗಿ ಇವಕ್ಕೆ ತಿನ್ನಿಸುತ್ತೇನೆ.

ಕೀಲಿಗಳನ್ನು ಕಿತ್ತು ಒರೆಸುವಾಗ
ಸೊನ್ನೆಯ ಕೆಳಗೆ ಒಂದು ಮೀನಿನ ಹುರುಪೆ,
ಒಣಗಿ, ಉಗುರಿನ ಚೂರಿನಷ್ಟು, ಇನ್ನೂ ಹೊಳೆಯುತ್ತ.
ನೋಡಿ ಅಲ್ಲೇ ಇಟ್ಟೆ. ನನ್ನ ನಿಯಮ ಅದು:
ಬಂದದ್ದು ಬಂದ ಹಾಗೇ ಇರಬೇಕು.

ಬ್ಯಾಟರಿ ಸತ್ತಿದೆ. ಗೋಡೆಯ ಕರೆಂಟು ಕೊಟ್ಟರೆ
ಎರಡು ಸಲ ತಡವರಿಸಿ
ಪರದೆ ಬಂಗುಡೆಯ ಹೊಟ್ಟೆಯ ಬಣ್ಣಕ್ಕೆ ಬರುತ್ತದೆ.
ಒಳಗಿನ ಗುಂಡಿಸೆಲ್ಲೂ ಸತ್ತದ್ದರಿಂದ
ಪ್ರತಿ ಸಲವೂ ಇದಕ್ಕೆ
ಎರಡು ಸಾವಿರದ ಎರಡು, ಜನವರಿ ಒಂದು, ನಡುರಾತ್ರಿ.

ಒಳಗೆ ಒಂದೇ ಫೈಲು. ಮಲ್ಪೆಯ ಐಸ್ ಪ್ಲಾಂಟಿನ ಲೆಕ್ಕ.
ಯಾವ ಬೋಟಿಗೆ ಎಷ್ಟು ಬ್ಲಾಕು, ಕೊಟ್ಟದ್ದೆಷ್ಟು, ಬಾಕಿ ಎಷ್ಟು.
ಬರೆದವರು ವಾರಿಜ ತಿಂಗಳಾಯ.

ಹೇಳಿ ಕಳಿಸಿದ್ದಕ್ಕೆ ಒಂದು ಭಾನುವಾರ ಬಂದರು,
ಕೈಯಲ್ಲಿ ಕೊಡೆ, ಕನ್ನಡಕ ಮರೆತು.
ಏಣಿ ಹತ್ತಲಾರೆ ಎಂದರು; ನಾನೇ ಇಳಿಸಿ ತಂದೆ.
ಮಾತಿಲ್ಲದೆ ಬೆರಳಿಟ್ಟರು.
ಸವೆದುಹೋದ ಅಕ್ಷರಗಳು ಆ ಬೆರಳಿಗೆ ಗೊತ್ತಿದ್ದವು.
"ಜಲದುರ್ಗಾ ಉಂಟಾ ನೋಡು. ಎರಡು ಸಾವಿರದ ಒಂಬತ್ತು."
ಇತ್ತು. ನಲವತ್ತು ಬ್ಲಾಕು. ಪೂರಾ ಬಾಕಿ.
"ಆ ಒಂದು ಸಾಲು ತೆಗಿ ಮಾರಾಯ."

ನಾನು ನಿಯಮ ಹೇಳಿದೆ. ಮೂಲಸ್ಥಿತಿ, ದಾಖಲೆ, ಇನ್ನೂ ಏನೇನೋ.
ಅವರು ಕೇಳಿದರು, ದೂರದ ಮದುವೆ ಹಾಲಿನ ಮೈಕು ಕೇಳುವ ಹಾಗೆ.
"ಯಜಮಾನರೂ ಇಲ್ಲ, ಪ್ಲಾಂಟೂ ಇಲ್ಲ,
ಐಸು ಅವತ್ತೇ ಕರಗಿತು.
ಬೇಬಿಯಕ್ಕನ ಹೆಸರು ಮಾತ್ರ
ಯಾಕೆ ಇದರಲ್ಲಿ ತಣ್ಣಗೆ ಕೂತಿರಬೇಕು?"
ತಾವೇ ಒತ್ತಿದರು.
ಅಳಿಸಿದರು. ಉಳಿಸಿದರು.
ಚಹಾ ಬೇಡವೆಂದು ಹೋದರು, ಕೊಡೆಯನ್ನೂ ಮರೆತು.

ರಾತ್ರಿ ಫೈಲಿನ ತಾರೀಕು ನೋಡಿದೆ.
ಕೊನೆಯ ತಿದ್ದುಪಡಿ:
ಎರಡು ಸಾವಿರದ ಎರಡು, ಜನವರಿ ಒಂದು,
ಹನ್ನೆರಡು ಗಂಟೆ ಹದಿನೇಳು ನಿಮಿಷ.
ಐಸು ಕೊಡುವ ಏಳು ವರ್ಷ ಮೊದಲೇ
ಬೇಬಿಯಕ್ಕನ ಬಾಕಿ ತೀರಿದೆ.

ನಲವತ್ತು ರೂಪಾಯಿಯ ಹೊಸ ಗುಂಡಿಸೆಲ್ಲು ತಂದಿಟ್ಟಿದ್ದೆ.
ಪೊಟ್ಟಣ ಒಡೆದಿಲ್ಲ.
ಅಟ್ಟದಲ್ಲಿ, ಕೊಡೆಯ ಪಕ್ಕ ಇದೆ.